ವೈದ್ಯರ ಕೈಯ ಶಿಕ್ಷೆ

ಅಮೆರಿಕದ ನರರೋಗ ತಜ್ಞ ಸಿಲಾಸ್ ವಿಯರ್ ಮಿಚೆಲ್ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಹೆಂಗಸರಿಗೆ ಕೊಡುತ್ತಿದ್ದ ‘ವಿಶ್ರಾಂತಿ ಚಿಕಿತ್ಸೆ’ಯನ್ನು ವೈದ್ಯಚರಿತ್ರೆಯ ಒಂದು ತಪ್ಪು ಹೆಜ್ಜೆ ಎಂದು ಕರೆದು ಕೈತೊಳೆದುಕೊಳ್ಳುವ ರೂಢಿಯಿದೆ. ಅಂದಿನ ತಿಳಿವಳಿಕೆ ಅಷ್ಟೇ ಇತ್ತು, ಯಾರೂ ಕೇಡು ಬಯಸಿರಲಿಲ್ಲ, ಮುಂದೆ ವಿಜ್ಞಾನ ಬೆಳೆಯಿತು ಎಂದು ಹೇಳಿ ಕಡತ ಮುಚ್ಚುತ್ತಾರೆ. ಈ ಸಮಜಾಯಿಷಿಯನ್ನು ಒಪ್ಪಲಾಗದು. ಆ ಚಿಕಿತ್ಸೆಯ ಒಳಗೆ ಶಿಕ್ಷೆಯಿತ್ತು. ಶಿಕ್ಷೆಯೆಂದು ಗೊತ್ತಿದ್ದೇ ಅದನ್ನು ಕೊಟ್ಟರು. ಕೊಟ್ಟವರೇ ಅದನ್ನು ಬರೆದಿಟ್ಟಿದ್ದಾರೆ. ಶಿಕ್ಷೆ ಉಂಡವಳೊಬ್ಬಳು ಅದನ್ನು ಕತೆಯಾಗಿ ಬರೆದಿದ್ದಾಳೆ. ಎರಡೂ ದಾಖಲೆಗಳು ನಮ್ಮ ಮುಂದಿವೆ, ಎರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು.

ಕತೆಯ ಹೆಸರು ‘ದಿ ಯೆಲ್ಲೋ ವಾಲ್‌ಪೇಪರ್’. ಬರೆದವರು ಷಾರ್ಲೆಟ್ ಪರ್ಕಿನ್ಸ್ ಗಿಲ್ಮನ್. 1892ರ ಜನವರಿಯಲ್ಲಿ ‘ನ್ಯೂ ಇಂಗ್ಲೆಂಡ್ ಮ್ಯಾಗಜಿನ್’ ಎಂಬ ಮಾಸಪತ್ರಿಕೆಯಲ್ಲಿ ಅದು ಅಚ್ಚಾಯಿತು. ಇಂಗ್ಲಿಷ್ ಸಾಹಿತ್ಯದ ತರಗತಿಗಳಲ್ಲಿ ಇಂದು ಅದನ್ನು ಓದಿಸುತ್ತಾರೆ. ಓದಿಸುವವರಲ್ಲಿ ಹಲವರು ಅದನ್ನು ಮೈನವಿರೇಳಿಸುವ ಭಯದ ಕತೆಯೆಂದೋ ಸಂಕೇತಗಳ ಗಣಿಯೆಂದೋ ಪರಿಚಯಿಸಿ ಮುಂದಿನ ಪಾಠಕ್ಕೆ ಹೋಗುತ್ತಾರೆ. ಆದರೆ ಅದನ್ನು ಮೊದಲು ಓದಬೇಕಾದದ್ದು ಒಬ್ಬ ರೋಗಿಯ ಹೇಳಿಕೆಯಾಗಿ.

ಹೆರಿಗೆಯಾಗಿ ಹೆಚ್ಚು ದಿನವಾಗಿರದ ಒಬ್ಬಳು ಬಾಣಂತಿ. ಗಂಡ ವೈದ್ಯ, ಒಡಹುಟ್ಟಿದವನೂ ವೈದ್ಯ. ಬೇಸಿಗೆ ಕಳೆಯಲು ಊರಾಚೆಯ ಹಳೆಯ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದಿದ್ದಾರೆ. ಜಗುಲಿಗೆ ತೆರೆದುಕೊಳ್ಳುವ ಕೆಳಗಿನ ಕೋಣೆ ಬೇಕು ಎಂದು ಅವಳು ಕೇಳುತ್ತಾಳೆ. ಗಂಡ ಮಹಡಿಯ ಮೇಲಿನ ಕೋಣೆಯನ್ನು ಗೊತ್ತುಮಾಡುತ್ತಾನೆ. ಅಲ್ಲಿ ಕಿಟಕಿಗೆ ಸರಳುಗಳಿವೆ, ಗೋಡೆಗೆ ಬಳೆಯಂಥ ಕಬ್ಬಿಣದ ಕೊಂಡಿಗಳಿವೆ, ಮಂಚವನ್ನು ನೆಲಕ್ಕೆ ಮೊಳೆ ಹೊಡೆದು ಕೂರಿಸಿದೆ. ಮಕ್ಕಳ ಕೋಣೆಯಾಗಿತ್ತು ಎಂದು ಅವಳು ಸಮಾಧಾನ ಮಾಡಿಕೊಳ್ಳುತ್ತಾಳೆ. ಗೋಡೆಯ ತುಂಬ ಹರಿದು ಹಾಳಾದ ಹಳದಿ ಕಾಗದ. ಕೂಸು ಬೇರೆಯವರ ಕೈಯಲ್ಲಿದೆ. ಬರೆಯುವುದು ನಿಷಿದ್ಧ. ಯಾರೂ ಇಲ್ಲದಾಗ ಅವಳು ಬರೆಯುತ್ತಾಳೆ, ಮೆಟ್ಟಿಲಲ್ಲಿ ಹೆಜ್ಜೆ ಸಪ್ಪಳವಾದರೆ ಬಚ್ಚಿಡುತ್ತಾಳೆ. ಮನೆ ನೋಡಿಕೊಳ್ಳುವ ನಾದಿನಿಗೂ ಇವಳ ಕಾಯಿಲೆಗೆ ಬರವಣಿಗೆಯೇ ಕಾರಣ ಎಂಬ ನಂಬಿಕೆ.

ಈ ಕತೆಯಲ್ಲಿ ಅವಳು ಎಷ್ಟು ಸಲ ಬಾಯಿಬಿಟ್ಟು ಕೇಳುತ್ತಾಳೆ ಎಂಬುದನ್ನು ಗಮನಿಸಬೇಕು. ಕೋಣೆ ಬದಲಿಸಿ ಎನ್ನುತ್ತಾಳೆ. ಗೋಡೆಯ ಕಾಗದ ತೆಗೆಸಿ ಎನ್ನುತ್ತಾಳೆ. ನೆಂಟರ ಮನೆಗೆ ಹೋಗಿಬರುತ್ತೇನೆ ಎನ್ನುತ್ತಾಳೆ. ಈ ಮನೆಯೇ ಬೇಡ, ಹೋಗೋಣ ಎನ್ನುತ್ತಾಳೆ. ಪ್ರತಿ ಸಲವೂ ಗಂಡ ಮಗುವನ್ನು ರಮಿಸುವಂತೆ ರಮಿಸಿ ಬೇಡವೆನ್ನುತ್ತಾನೆ. ಒಂದು ರಾತ್ರಿ, ಮೈಕೈ ತುಂಬಿಕೊಳ್ಳುತ್ತಿದೆ, ಬಣ್ಣ ಬರುತ್ತಿದೆ, ಊಟ ಸೇರುತ್ತಿದೆ, ನಾನು ಡಾಕ್ಟರು, ನನಗೆ ಗೊತ್ತು ಎಂದು ಅವಳಿಗೇ ವರದಿ ಒಪ್ಪಿಸುತ್ತಾನೆ. ತೂಕ ಒಂದಿಷ್ಟೂ ಹೆಚ್ಚಿಲ್ಲ, ನೀನು ಮನೆಯಲ್ಲಿದ್ದಾಗ ಸಂಜೆ ಊಟ ಸೇರುತ್ತದೆ, ನೀನಿಲ್ಲದ ಬೆಳಗ್ಗೆ ಸೇರುವುದಿಲ್ಲ ಎಂದು ಅವಳು ತಿದ್ದುತ್ತಾಳೆ. ಮೈ ಸುಧಾರಿಸಿರಬಹುದು, ಆದರೆ ಎಂದು ಮುಂದುವರಿಸಲು ಹೊರಟವಳು ಅವನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸುತ್ತಾಳೆ. ಇಡೀ ಕತೆಯಲ್ಲಿ ಕ್ರೌರ್ಯ ಇದೇ ಜಾಗದಲ್ಲಿದೆ. ಅವನು ಹೊಡೆಯುವುದಿಲ್ಲ, ಬೈಯುವುದಿಲ್ಲ, ಅವಳನ್ನು ಪ್ರೀತಿಸುವುದೂ ನಿಜವಿರಬಹುದು. ಕಾಯಿಲೆ ಯಾರದ್ದೋ ಅವರ ಮಾತಿಗೆ ಆ ಕಾಯಿಲೆಯ ವಿಷಯದಲ್ಲಿ ಬೆಲೆಯಿಲ್ಲ ಎಂದು ಅವನು ಮೊದಲೇ ನಿರ್ಧರಿಸಿಬಿಟ್ಟಿದ್ದಾನೆ, ಅಷ್ಟೆ.

ಮಾತಾಡಲು ಯಾರೂ ಇಲ್ಲದವಳು ಗೋಡೆಯನ್ನು ನೋಡುತ್ತಾಳೆ. ಚಿತ್ತಾರದ ಹಿಂದೆ ಒಬ್ಬ ಹೆಂಗಸು ಕಾಣಿಸುತ್ತಾಳೆ, ಆಮೇಲೆ ಸರಳು ಹಿಡಿದು ಅಲುಗಿಸುತ್ತಾಳೆ. ಕೊನೆಯ ದಿನ ಇವಳು ಬಾಗಿಲು ಹಾಕಿಕೊಂಡು, ಕೀಲಿಕೈಯನ್ನು ಕಿಟಕಿಯಿಂದಾಚೆ ಎಸೆದು, ಕೈಗೆಟುಕಿದಷ್ಟೂ ಕಾಗದ ಸುಲಿದು, ಗೋಡೆಗೆ ಭುಜ ತಾಗಿಸಿ ಕೋಣೆಯ ಸುತ್ತ ತೆವಳುತ್ತಾಳೆ. ಬಾಗಿಲು ತೆಗೆದ ವೈದ್ಯ ಮೂರ್ಛೆ ಬೀಳುತ್ತಾನೆ. ದಾರಿಗೆ ಅಡ್ಡವಾದ ಅವನ ಮೈಮೇಲೆ ಹಾದು ಅವಳು ಸುತ್ತು ಮುಂದುವರಿಸುತ್ತಾಳೆ.

ಇದರಲ್ಲಿ ಕಲ್ಪನೆ ಎಷ್ಟು, ಅನುಭವ ಎಷ್ಟು ಎಂಬುದನ್ನು ಷಾರ್ಲೆಟ್ ಅವರೇ ಹೇಳಿದ್ದಾರೆ. 1860ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಹುಟ್ಟಿದ ಅವರು 1884ರಲ್ಲಿ ಚಿತ್ರಕಾರ ಚಾರ್ಲ್ಸ್ ವಾಲ್ಟರ್ ಸ್ಟೆಟ್ಸನ್ ಅವರನ್ನು ಮದುವೆಯಾದರು. ಮರುವರ್ಷ ಮಾರ್ಚಿನಲ್ಲಿ ಮಗಳು ಹುಟ್ಟಿದಳು. ಹೆರಿಗೆಯ ನಂತರ ಅವರು ಕುಸಿದರು, ಮಗುವನ್ನು ಎತ್ತಿಕೊಂಡರೆ ಅಳು ಬರುತ್ತಿತ್ತು. ಮನೆಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೋದಾಗ ಗುಣವಾಯಿತು, ಮರಳಿ ಬಂದಾಗ ಮತ್ತೆ ಬಿದ್ದರು. 1887ರ ವಸಂತದಲ್ಲಿ ಅವರನ್ನು ಫಿಲಡೆಲ್ಫಿಯಾದ ಮಿಚೆಲ್ ಬಳಿಗೆ ಕಳಿಸಲಾಯಿತು. ಹೋಗುವ ಮೊದಲು ಷಾರ್ಲೆಟ್ ತಮ್ಮ ಕಾಯಿಲೆಯ ಚರಿತ್ರೆಯನ್ನು ಸವಿಸ್ತಾರವಾಗಿ ಪತ್ರದಲ್ಲಿ ಬರೆದರು. ಯಾವಾಗ ಶುರುವಾಯಿತು, ಏನು ಮಾಡಿದರೆ ಹೆಚ್ಚುತ್ತದೆ, ಎಲ್ಲಿಗೆ ಹೋದರೆ ಇಳಿಯುತ್ತದೆ ಎಂಬ ವಿವರವನ್ನು ರೋಗಿಯೊಬ್ಬರು ತಾವಾಗಿ ಬರೆದುಕೊಟ್ಟರೆ ವೈದ್ಯರಿಗೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ. ಮಿಚೆಲ್ ಆ ಪತ್ರವನ್ನು ಆತ್ಮಪ್ರತಿಷ್ಠೆಯ ಲಕ್ಷಣವೆಂದು ತಳ್ಳಿಹಾಕಿದರು ಎಂದು ಷಾರ್ಲೆಟ್ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಅವರ ತಾಯಿಬೇರು ತಂದೆಬೇರಿನ ಮಾತು ಬಂದಾಗ, ಇದೇ ವಂಶದ ಇನ್ನಿಬ್ಬರು ಹೆಂಗಸರು ಈಗಾಗಲೇ ತಮ್ಮಲ್ಲಿಗೆ ಬಂದಿದ್ದಾರೆ ಎಂದೂ ಮಿಚೆಲ್ ಹೇಳಿದರಂತೆ. ರೋಗಿ ಮಾತಾಡಿದ್ದೇ ರೋಗದ ಗುರುತಾಯಿತು. ಇಲ್ಲಿಂದ ಮುಂದೆ ಆಕೆ ಏನು ಹೇಳಿದರೂ ಅದು ಆಕೆಯ ವಿರುದ್ಧವೇ ನಿಲ್ಲುತ್ತದೆ.

ಚಿಕಿತ್ಸೆ ಹೀಗಿತ್ತು. ಆರರಿಂದ ಎಂಟು ವಾರ ಹಾಸಿಗೆ. ಮನೆಯವರನ್ನು ಕಾಣುವಂತಿಲ್ಲ. ಆರಂಭದ ವಾರಗಳಲ್ಲಿ ಎದ್ದು ಕೂರುವಂತಿಲ್ಲ, ಓದುವಂತಿಲ್ಲ, ಬರೆಯುವಂತಿಲ್ಲ, ಹೊಲಿಯುವಂತಿಲ್ಲ. ತನ್ನ ಕೈಯಿಂದ ಮಾಡಿಕೊಳ್ಳಲು ಬಿಟ್ಟ ಒಂದೇ ಕೆಲಸ ಹಲ್ಲುಜ್ಜುವುದು. ಉಣಿಸುವವಳು ದಾದಿ. ಮಲಮೂತ್ರಕ್ಕೂ ಮಲಗಿದಲ್ಲೇ ಏರ್ಪಾಡು. ಎರಡೆರಡು ಗಂಟೆಗೊಮ್ಮೆ ಹಾಲು, ಆಮೇಲೆ ಹಾಲಿನ ಜೊತೆ ಮೂರು ಹೊತ್ತಿನ ಭರ್ಜರಿ ಊಟ. ಮಲಗಿಯೇ ಇರುವ ಸ್ನಾಯುಗಳು ಸೊರಗದಂತೆ ದಿನಾ ಮೈ ತಿಕ್ಕುವುದು, ವಿದ್ಯುತ್ತಿನ ಮಂದ ಆಘಾತ ಕೊಡುವುದು. ಮಿಚೆಲ್ ಈ ಕ್ರಮವನ್ನು 1877ರಲ್ಲಿ ‘ಫ್ಯಾಟ್ ಆ್ಯಂಡ್ ಬ್ಲಡ್’ ಎಂಬ ಪುಸ್ತಕದಲ್ಲಿ ವಿವರಿಸಿದರು. ಕೊಬ್ಬು ಮತ್ತು ರಕ್ತ ಹೆಚ್ಚಿದರೆ ನರ ಬಲಿಯುತ್ತದೆ ಎಂಬುದು ಅದರ ಸಾರ. ಕತೆಯೊಳಗಿನ ಗಂಡ ಹೆಂಡತಿಯ ಮೈಬಣ್ಣವನ್ನೂ ಹಸಿವನ್ನೂ ಯಾಕೆ ಲೆಕ್ಕ ಹಾಕುತ್ತಾನೆ ಎಂಬುದಕ್ಕೆ ಉತ್ತರ ಈ ಪುಸ್ತಕದ ಹೆಸರಿನಲ್ಲೇ ಇದೆ.

ತಿಂಗಳಾದ ಮೇಲೆ ಗುಣವಾಗಿದೆಯೆಂದು ಷಾರ್ಲೆಟ್ ಅವರನ್ನು ಮನೆಗೆ ಕಳಿಸಿದರು. ಜೊತೆಗೆ ಆಜ್ಞೆಗಳಿದ್ದವು. ಆದಷ್ಟು ಮನೆವಾರ್ತೆಯಲ್ಲೇ ಬದುಕಬೇಕು, ಮಗುವನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕು, ಪ್ರತಿ ಊಟದ ನಂತರ ಒಂದು ಗಂಟೆ ಮಲಗಬೇಕು, ಓದು-ಚಿಂತನೆ ದಿನಕ್ಕೆ ಎರಡು ಗಂಟೆ ಮೀರಬಾರದು, ಲೇಖನಿ, ಕುಂಚ, ಸೀಸದಕಡ್ಡಿಯನ್ನು ಬದುಕಿರುವವರೆಗೂ ಮುಟ್ಟಕೂಡದು. ಮುಟ್ಟಕೂಡದೆಂದದ್ದು ಚಿತ್ರ ಬರೆದು, ಚಿತ್ರ ಕಲಿಸಿ ಸಂಪಾದಿಸಿದ್ದ, ಕವಿತೆ ಲೇಖನ ಬರೆಯುತ್ತಿದ್ದ 26 ವರ್ಷದ ಹೆಂಗಸಿಗೆ. ಅವರು ಕೆಲವು ತಿಂಗಳು ಆ ಆಜ್ಞೆಯನ್ನು ಪಾಲಿಸಿದರು. ಚಿಂದಿಬಟ್ಟೆಯಿಂದ ಗೊಂಬೆ ಮಾಡಿ ಬಾಗಿಲ ಗುಬುಟಿಗೆ ತೂಗುಹಾಕಿ ಆಡುವ ಸ್ಥಿತಿಗೆ ಬಂದರು. ಕಪಾಟಿನೊಳಗೆ, ಮಂಚದಡಿಗೆ ತೆವಳಿಹೋಗಿ ಅವಿತುಕೊಳ್ಳುತ್ತಿದ್ದರು. ಬುದ್ಧಿ ಸಂಪೂರ್ಣ ಹೋಗುವ ಅಂಚಿನಲ್ಲಿದ್ದೆ ಎಂದು ಅವರೇ ಬರೆದಿದ್ದಾರೆ. ಆಜ್ಞೆಯನ್ನು ಮುರಿದು ಕೆಲಸಕ್ಕೆ ಮರಳಿದ ಮೇಲೆಯೇ ಅವರು ಉಳಿದುಕೊಂಡದ್ದು. 1888ರಲ್ಲಿ ಗಂಡನನ್ನು ಬಿಟ್ಟು ಮಗಳೊಂದಿಗೆ ಪಸಡೀನಾಕ್ಕೆ ಹೋದರು, 1890ರ ಬೇಸಿಗೆಯಲ್ಲಿ ಈ ಕತೆ ಬರೆದರು.

ಈಗ ಮಿಚೆಲ್ ಅವರ ದಾಖಲೆ. ‘ಫ್ಯಾಟ್ ಆ್ಯಂಡ್ ಬ್ಲಡ್’ ಪುಸ್ತಕದಲ್ಲಿ ಅವರು ಮುಚ್ಚುಮರೆಯಿಲ್ಲದೆ ಒಂದು ಮಾತು ಬರೆದಿದ್ದಾರೆ. ಅರ್ಧ ದಿನ ಮಲಗಿ, ಇಷ್ಟು ಓದಿ, ಇಷ್ಟು ಹೊಲಿದು, ಮನೆಮಂದಿಯ ಕನಿಕರ ಗಿಟ್ಟಿಸುವುದು ಈ ಹೆಂಗಸರಿಗೆ ಹಿತವಾಗಿರುತ್ತದೆ. ಆದರೆ ಒಂದು ತಿಂಗಳು ಹಾಸಿಗೆ ಬಿಡಬೇಡ, ಓದಬೇಡ, ಬರೆಯಬೇಡ, ಹೊಲಿಯಬೇಡ, ಬಂಧುವಲ್ಲದ ಒಬ್ಬಳೇ ದಾದಿಯ ಜೊತೆ ಇರು ಎಂದಾಗ ಕೆಲವರಿಗೆ ವಿಶ್ರಾಂತಿಯೇ ಕಹಿಮದ್ದಾಗುತ್ತದೆ. ಕೊನೆಗೆ ವೈದ್ಯ ಏಳು ಎಂದರೆ ಸಾಕೆಂದು ಸಂತೋಷದಿಂದ ಏಳುತ್ತಾರೆ ಎಂಬುದು ಆ ಮಾತಿನ ಭಾವ. ಇದನ್ನು ಎರಡು ಸಲ ಓದಬೇಕು. ವಿಶ್ರಾಂತಿಯಿಂದ ಮನಸ್ಸು ಚೇತರಿಸುತ್ತದೆ ಎಂಬ ವಾದ ಇಲ್ಲಿಲ್ಲ. ವಿಶ್ರಾಂತಿ ಸಹಿಸಲಾಗದಷ್ಟು ಕಹಿಯಾಗುವುದರಿಂದ ಅವಳು ಬಗ್ಗುತ್ತಾಳೆ ಎಂಬ ವಾದವಿದೆ. ಜೈಲಿನ ಏಕಾಂತವಾಸಕ್ಕೂ ಇದಕ್ಕೂ ತರ್ಕದಲ್ಲಿ ವ್ಯತ್ಯಾಸವಿಲ್ಲ. ಆದ್ದರಿಂದ ಮಿಚೆಲ್ ತಿಳಿಯದೆ ತಪ್ಪಿದರು ಎಂಬ ಮಾತು ನಿಲ್ಲುವುದಿಲ್ಲ. ತಾನು ಕೊಡುತ್ತಿರುವುದು ನೋವೆಂಬುದು ಅವರಿಗೆ ಗೊತ್ತಿತ್ತು, ಆ ನೋವು ಕೆಲಸಕ್ಕೆ ಬರುತ್ತದೆ ಎಂದೇ ಅದನ್ನು ಕೊಟ್ಟರು.

ಅವರ ಪರವಾಗಿ ಹೇಳಬೇಕಾದದ್ದನ್ನೂ ಹೇಳಬೇಕು. ಮಿಚೆಲ್ ಸಾಮಾನ್ಯ ವೈದ್ಯರಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಗೊಂಡ ಸೈನಿಕರ ನರಗಳನ್ನು ಅವರಷ್ಟು ಶ್ರದ್ಧೆಯಿಂದ ಅಧ್ಯಯನ ಮಾಡಿದವರು ಕಡಿಮೆ. ಕತ್ತರಿಸಿಹೋದ ಕೈಕಾಲು ಇನ್ನೂ ನೋಯುತ್ತಿದೆ ಎಂದು ಸೈನಿಕರು ಹೇಳಿದಾಗ ಆ ಮಾತನ್ನು ನಂಬಿ, ಆ ನೋವಿಗೆ 1871ರಲ್ಲಿ ಹೆಸರು ಕೊಟ್ಟವರು ಅವರೇ. ದುಡಿದು ಬಡಕಲಾಗಿ, ರಕ್ತಹೀನತೆಯಿಂದ ಬಸವಳಿದು ಬಂದ ಹೆಂಗಸರಲ್ಲಿ ಕೆಲವರಿಗೆ ಹಾಲು, ಊಟ, ನಿದ್ದೆಯಿಂದ ನಿಜಕ್ಕೂ ಒಳ್ಳೆಯದಾಗಿದೆ. ಆದರೆ ಈ ಸಮರ್ಥನೆಯೇ ಆರೋಪವನ್ನು ಗಟ್ಟಿ ಮಾಡುತ್ತದೆ. ಇಲ್ಲದ ಕಾಲಿನಲ್ಲಿ ನೋವಿದೆ ಎಂದ ಗಂಡಸಿನ ಮಾತನ್ನು ನಂಬಿದ ವೈದ್ಯರು, ಇರುವ ಮನಸ್ಸಿನಲ್ಲಿ ನೋವಿದೆ ಎಂದ ಹೆಂಗಸಿನ ಪತ್ರವನ್ನು ಪಕ್ಕಕ್ಕೆ ಸರಿಸಿದರು. ಕೇಳಿಸಿಕೊಳ್ಳುವುದು ಹೇಗೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಗಂಡಸರ ನರದೌರ್ಬಲ್ಯಕ್ಕೆ ಅವರ ಬಳಿ ಇದ್ದ ಮದ್ದೇ ಬೇರೆ. 1885ರಲ್ಲಿ ಓವನ್ ವಿಸ್ಟರ್ ಎಂಬ ತರುಣ ಮನಸ್ಸು ಕುಗ್ಗಿ ಬಂದಾಗ ಮಿಚೆಲ್ ಆತನನ್ನು ಪಶ್ಚಿಮದ ವಯೋಮಿಂಗ್‌ಗೆ ಕಳಿಸಿದರು: ಕುದುರೆ ಹತ್ತು, ಬೇಟೆಯಾಡು, ಬಯಲಲ್ಲಿ ಮಲಗು. ವಿಸ್ಟರ್ ಅಲ್ಲಿ ದಿನಚರಿ ಬರೆದರು, ಅದರಿಂದ ಕತೆಗಳು ಹುಟ್ಟಿದವು, 1902ರಲ್ಲಿ ‘ದಿ ವರ್ಜೀನಿಯನ್’ ಕಾದಂಬರಿ ಬಂತು, ಹೆಸರಾಯಿತು. ವಿಸ್ಟರ್ ಅವರನ್ನು ಬಯಲಿಗೆ ಕಳಿಸಿದ ಎರಡೇ ವರ್ಷಕ್ಕೆ ಅದೇ ವೈದ್ಯರು ಬರೆಯುವ ಹೆಂಗಸಿನ ಕೈಯಿಂದ ಲೇಖನಿ ಕಿತ್ತುಕೊಂಡರು. ಒಂದೇ ಊರು, ಒಂದೇ ತಲೆ, ಹೆಚ್ಚುಕಡಿಮೆ ಒಂದೇ ದೂರು. ಬಯಲು ಯಾರಿಗೆ, ಹಾಸಿಗೆ ಯಾರಿಗೆ ಎಂಬುದನ್ನು ತೀರ್ಮಾನಿಸಿದ್ದು ರೋಗ ಅಲ್ಲವೇ ಅಲ್ಲ.

‘ಅಂದಿನ ಕಾಲ ಹಾಗಿತ್ತು’ ಎನ್ನುವವರು ಆ ಕಾಲದಲ್ಲಿ ಬೇರೆ ಮಾತಾಡಿದವರನ್ನು ಮರೆಯುತ್ತಾರೆ. 1873ರಲ್ಲಿ ಹಾರ್ವರ್ಡಿನ ಎಡ್ವರ್ಡ್ ಕ್ಲಾರ್ಕ್, ಹೆಣ್ಣುಮಕ್ಕಳು ಗಂಡುಮಕ್ಕಳಂತೆ ಓದಿದರೆ ಗರ್ಭಕೋಶ ಹಾಳಾಗುತ್ತದೆ ಎಂದು ಪುಸ್ತಕ ಬರೆದರು. ನ್ಯೂಯಾರ್ಕಿನ ವೈದ್ಯೆ ಮೇರಿ ಪಟ್ನಮ್ ಜಾಕೋಬಿ ಇದಕ್ಕೆ ಉತ್ತರವಾಗಿ ಭಾಷಣ ಬಿಗಿಯಲಿಲ್ಲ. ಹೆಂಗಸರಿಗೆ ಪ್ರಶ್ನಾವಳಿ ಕಳಿಸಿದರು, ಮುಟ್ಟಿನ ದಿನಗಳಲ್ಲಿ ನಾಡಿಮಿಡಿತದ ಏರಿಳಿತವನ್ನು ಉಪಕರಣದಿಂದ ಗುರುತು ಹಾಕಿದರು, ಮುಟ್ಟಾದವಳಿಗೆ ಕೆಲಸ ಬಿಟ್ಟು ಮಲಗುವ ಅಗತ್ಯವಿಲ್ಲ ಎಂದು ಅಂಕಿಸಂಖ್ಯೆಯಿಂದ ತೋರಿಸಿದರು. ಆ ಪ್ರಬಂಧಕ್ಕೆ 1876ರಲ್ಲಿ ಹಾರ್ವರ್ಡಿನದೇ ಬಾಯ್ಲ್‌ಸ್ಟನ್ ಬಹುಮಾನ ಬಂತು. ಮರುವರ್ಷ ಅದು ಪುಸ್ತಕವಾಯಿತು. ಮಿಚೆಲ್ ಅವರ ಪುಸ್ತಕ ಬಂದದ್ದೂ ಅದೇ 1877ರಲ್ಲಿ. ಎರಡೂ ಪುಸ್ತಕಗಳು ಒಂದೇ ವರ್ಷ ವೈದ್ಯಲೋಕದ ಮುಂದಿದ್ದವು. ಹೆಂಗಸರನ್ನು ಕೇಳಿ ಬರೆದದ್ದು ಒಂದು, ಮಲಗಿಸಿ ಬರೆದದ್ದು ಇನ್ನೊಂದು. ವೈದ್ಯಲೋಕ ಎರಡನೆಯದನ್ನು ಎತ್ತಿಕೊಂಡಿತು. ಮುಂದೆ 20ನೇ ಶತಮಾನದ ಆರಂಭದಲ್ಲಿ ಷಾರ್ಲೆಟ್ ಮತ್ತೆ ಕುಸಿದಾಗ ಅವರನ್ನು ನೋಡಿದವರು ಇದೇ ಜಾಕೋಬಿ. ಮೊದಲು ಮಕ್ಕಳ ಮರದ ತುಂಡುಗಳನ್ನು ಜೋಡಿಸಲು ಕೊಟ್ಟರು, ಆಮೇಲೆ ಜೀವಕೋಶದ ಬಗೆಗಿನ ವಿಜ್ಞಾನದ ಗ್ರಂಥವೊಂದನ್ನು ಓದಲು ಹಚ್ಚಿದರು. ದಣಿದ ಮೆದುಳನ್ನು ಮೆಲ್ಲಮೆಲ್ಲಗೆ ಕೆಲಸಕ್ಕೆ ಮರಳಿಸುವುದು ಅವರ ಚಿಕಿತ್ಸೆ. ಜಾಕೋಬಿ ಅವರ ಬಗ್ಗೆ ಷಾರ್ಲೆಟ್ ಕೃತಜ್ಞತೆಯಿಂದ ಬರೆದಿದ್ದಾರೆ.

ನ್ಯಾಯಾಲಯಕ್ಕೂ ವಿಷಯ ಗೊತ್ತಿತ್ತು. 1860ರಲ್ಲಿ ಇಲಿನಾಯ್ ರಾಜ್ಯದ ಪಾದ್ರಿಯೊಬ್ಬರು ಧರ್ಮದ ವಿಚಾರದಲ್ಲಿ ತಮ್ಮ ಮಾತು ಒಪ್ಪದ ಹೆಂಡತಿ ಎಲಿಜಬೆತ್ ಪ್ಯಾಕರ್ಡ್ ಅವರನ್ನು ಹುಚ್ಚಾಸ್ಪತ್ರೆಗೆ ಹಾಕಿದರು. ಬೇರೆಯವರಿಗೆ ಬೇಕಾದ ಪುರಾವೆ ಹೆಂಡತಿಯ ವಿಷಯದಲ್ಲಿ ಬೇಕಿಲ್ಲ, ಗಂಡನ ಕೋರಿಕೆ ಸಾಕು ಎನ್ನುವ ಕಾನೂನು ಅಲ್ಲಿತ್ತು. ಮೂರು ವರ್ಷ ಅವರು ಒಳಗಿದ್ದರು. 1864ರಲ್ಲಿ ವಿಚಾರಣೆ ನಡೆದಾಗ ಅವರ ಬುದ್ಧಿ ಸ್ವಸ್ಥವಾಗಿದೆ ಎಂದು ತೀರ್ಮಾನಿಸಲು ಪಂಚಾಯ್ತರಿಗೆ ಹಿಡಿದದ್ದು ಏಳು ನಿಮಿಷ. 1887ರಲ್ಲಿ, ಷಾರ್ಲೆಟ್ ಫಿಲಡೆಲ್ಫಿಯಾದಲ್ಲಿ ಮಲಗಿದ್ದ ವರ್ಷವೇ, ಪತ್ರಕರ್ತೆ ನೆಲ್ಲಿ ಬ್ಲೈ ಹುಚ್ಚಿಯಂತೆ ನಟಿಸಿ ನ್ಯೂಯಾರ್ಕಿನ ಹೆಂಗಸರ ಹುಚ್ಚಾಸ್ಪತ್ರೆಯನ್ನು ಹೊಕ್ಕರು. ಒಳಗೆ ಹೋದ ಮೇಲೆ ನಟನೆ ನಿಲ್ಲಿಸಿ ಮಾಮೂಲಾಗಿ ಮಾತಾಡಿದರೂ ವೈದ್ಯರು ಕಿವಿಗೊಡಲಿಲ್ಲ. ಹತ್ತು ದಿನದ ನಂತರ ಪತ್ರಿಕೆಯವರು ಬಿಡಿಸಿ ತಂದರು, ವರದಿ ದೇಶವೆಲ್ಲ ಓದಿತು. ಕತ್ತಲೆಯಲ್ಲಿದ್ದೆವು, ಕಾಣಲಿಲ್ಲ ಎಂದು ಆ ತಲೆಮಾರು ಹೇಳುವಂತಿಲ್ಲ.

ಹಾಸಿಗೆಯ ಜೊತೆ ಕತ್ತಿಯೂ ಇತ್ತು. ಲಂಡನ್ನಿನ ಐಸಾಕ್ ಬೇಕರ್ ಬ್ರೌನ್ ಹಿಸ್ಟೀರಿಯಾ, ಮೂರ್ಛೆರೋಗ, ಹುಚ್ಚುಗಳಿಗೆ ಮದ್ದೆಂದು ಹೆಂಗಸರ ಯೋನಿಲಿಂಗವನ್ನೇ ಕತ್ತರಿಸಿದರು, 1866ರಲ್ಲಿ ಅದನ್ನು ಪುಸ್ತಕ ಮಾಡಿದರು. ಮರುವರ್ಷ ಅಲ್ಲಿನ ಪ್ರಸೂತಿ ತಜ್ಞರ ಸಂಘ ಅವರನ್ನು ಹೊರಹಾಕಿತು. ಅಮೆರಿಕದ ರಾಬರ್ಟ್ ಬ್ಯಾಟಿ 1872ರಿಂದ ರೋಗವಿಲ್ಲದ ಅಂಡಾಶಯಗಳನ್ನು ತೆಗೆಯತೊಡಗಿದರು, ನರಗಳ ದೂರಿಗೂ ಅದು ಪರಿಹಾರವೆಂದು ಹಬ್ಬಿತು. ಇವರ ಪಕ್ಕದಲ್ಲಿ ನಿಲ್ಲಿಸಿದರೆ ಮಿಚೆಲ್ ಸೌಮ್ಯರಾಗಿಯೇ ಕಾಣುತ್ತಾರೆ. ಆ ಸೌಮ್ಯತೆಯಿಂದಲೇ ಅವರ ವಿಧಾನ ಗೌರವಸ್ಥರ ಮನೆಗಳಿಗೆ ಹೊಕ್ಕಿತು, ಅಟ್ಲಾಂಟಿಕ್ ದಾಟಿತು, ಲಂಡನ್ನಿನಲ್ಲಿ ವರ್ಜೀನಿಯಾ ವುಲ್ಫ್ ಅವರನ್ನೂ ಹಾಲು ಕುಡಿಸಿ ಮಲಗಿಸಿತು. ವುಲ್ಫ್ 1925ರ ‘ಮಿಸೆಸ್ ಡ್ಯಾಲೊವೇ’ಯಲ್ಲಿ ಅಂಥ ವೈದ್ಯನೊಬ್ಬನನ್ನು ಕಾದಂಬರಿಯ ಕಟಕಟೆಗೆ ತಂದರು.

ಸಂಪಾದಕರ ಪಾಲೂ ಇದರಲ್ಲಿದೆ, ಪತ್ರಿಕಾವೃತ್ತಿಯವರು ಅದನ್ನು ಹೇಳದೆ ಬಿಡಬಾರದು. ಹಿರಿಯ ಸಾಹಿತಿ ವಿಲಿಯಂ ಡೀನ್ ಹೊವೆಲ್ಸ್ ಈ ಕತೆಯನ್ನು ಶಿಫಾರಸು ಮಾಡಿ ‘ಅಟ್ಲಾಂಟಿಕ್ ಮಂತ್ಲಿ’ಗೆ ಕಳಿಸಿದಾಗ ಅದರ ಸಂಪಾದಕ ಹೋರೇಸ್ ಸ್ಕಡರ್, ತಮಗಾದ ಸಂಕಟವನ್ನು ಓದುಗರಿಗೂ ಕೊಡಲಾರೆ ಎಂಬ ಕಾರಣ ಹೇಳಿ ಹಿಂದಿರುಗಿಸಿದರು. ಕತೆ ನಾಟಿದೆ ಎಂಬುದಕ್ಕೆ ಅದೇ ಸಾಕ್ಷಿಯಾಗಿತ್ತು. ಕೊನೆಗೆ ಅಚ್ಚಾದಾಗ ವೈದ್ಯರೊಬ್ಬರು ಬಾಸ್ಟನ್ನಿನ ಪತ್ರಿಕೆಗೆ ಬರೆದು, ಇಂಥದ್ದನ್ನು ಪ್ರಕಟಿಸಲೇಬಾರದು, ಓದಿದವರಿಗೆ ಹುಚ್ಚು ಹಿಡಿದೀತು ಎಂದು ಆಕ್ಷೇಪಿಸಿದರು. ಬರೆಯಬೇಡ ಎಂದು ರೋಗಿಗೆ ಹೇಳಿದ ವೃತ್ತಿ ಪ್ರಕಟಿಸಬೇಡ ಎಂದು ಪತ್ರಿಕೆಗೂ ಹೇಳಿತು.

ಷಾರ್ಲೆಟ್ ಅವರನ್ನು ದೇವತೆ ಮಾಡುವ ಅಗತ್ಯವೂ ಇಲ್ಲ. 1913ರಲ್ಲಿ ತಮ್ಮದೇ ಪತ್ರಿಕೆ ‘ಫೋರ್‌ರನ್ನರ್’ನಲ್ಲಿ ಈ ಕತೆ ಯಾಕೆ ಬರೆದೆನೆಂದು ವಿವರಿಸುವಾಗ, ಇದನ್ನು ಓದಿ ಮಿಚೆಲ್ ತಮ್ಮ ಚಿಕಿತ್ಸಾಕ್ರಮ ಬದಲಿಸಿಕೊಂಡರೆಂದು ಕೇಳಿ ತಿಳಿದೆ ಎಂದರು. ಮಿಚೆಲ್ ಬರಹಗಳಲ್ಲಿ ಅದಕ್ಕೆ ಆಧಾರವಿಲ್ಲ. ಕತೆಯೊಂದು ಕ್ರೂರ ಪದ್ಧತಿಯನ್ನು ಮಣಿಸಿತು ಎಂಬ ಸುಖಾಂತ್ಯವನ್ನು ಉಪನ್ಯಾಸಕರು ಇನ್ನು ಹೇಳಿಕೊಡುವುದು ಬೇಡ. ಇದಕ್ಕಿಂತ ದೊಡ್ಡ ದೋಷ ಬೇರೆಯಿದೆ. ತಮ್ಮ ಮಾತನ್ನು ಯಾರೂ ಕೇಳಲಿಲ್ಲವೆಂದು ಇಷ್ಟು ತೀಕ್ಷ್ಣವಾಗಿ ಬರೆದವರು, 1908ರಲ್ಲಿ ಸಮಾಜಶಾಸ್ತ್ರದ ಪತ್ರಿಕೆಯೊಂದರಲ್ಲಿ ಕಪ್ಪುಜನರಲ್ಲಿ ‘ಹಿಂದುಳಿದ’ವರನ್ನು ಸೈನ್ಯದ ಶಿಸ್ತಿನ ಕಡ್ಡಾಯ ದುಡಿಮೆಗೆ ಸೇರಿಸಬೇಕೆಂದು ಸೂಚಿಸಿದರು. ತಮ್ಮ ವಿಷಯದಲ್ಲಿ ಮಿಚೆಲ್ ಮಾಡಿದ್ದನ್ನೇ ಇಡೀ ಜನಾಂಗದ ವಿಷಯದಲ್ಲಿ ಅವರು ಮಾಡಿದರು. ಆ ಬರಹ ಖಂಡನಾರ್ಹ, ಕತೆಯ ಹಿರಿಮೆ ಅದಕ್ಕೆ ರಿಯಾಯಿತಿ ಕೊಡುವುದಿಲ್ಲ. ಆ ಬರಹದ ನೆಪದಲ್ಲಿ ಕತೆಯ ಸಾಕ್ಷ್ಯವನ್ನು ತಳ್ಳಿಹಾಕಲೂ ಬರುವುದಿಲ್ಲ.

ಕನ್ನಡದ ಓದುಗರಿಗೆ ಈ ಪ್ರಕರಣ ದೂರದ್ದಲ್ಲ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ‘ಶರಪಂಜರ’ದಲ್ಲಿ ಹೆರಿಗೆಯ ನಂತರ ಬುದ್ಧಿ ಕದಡಿದ ಕಾವೇರಿಯ ಕತೆ ಬರೆದರು. ಹೆರಿಗೆಯಾದ ಕೆಲವೇ ದಿನಗಳಲ್ಲಿ, 1963ರಲ್ಲಿ, ಅವರೇ ತೀರಿಕೊಂಡರು. ಪುಟ್ಟಣ್ಣ ಕಣಗಾಲರು ಆ ಕಾದಂಬರಿಯನ್ನು ಸಿನಿಮಾ ಮಾಡಿದ ಮೇಲೆ ಕಾವೇರಿ ಮನೆಮನೆಗೆ ಗೊತ್ತಾದಳು. ತ್ರಿವೇಣಿಯವರ ಆರೋಪಪಟ್ಟಿ ಗಿಲ್ಮನ್ ಅವರದಕ್ಕಿಂತ ಭಿನ್ನ. ಕಾವೇರಿಯನ್ನು ಆಸ್ಪತ್ರೆ ಗುಣಪಡಿಸುತ್ತದೆ, ಮನೆ ಒಪ್ಪುವುದಿಲ್ಲ. ನಕ್ಕರೆ ಯಾಕೆ ನಕ್ಕಳು, ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾಳೆ ಎಂದು ಎಲ್ಲರ ಕಣ್ಣೂ ಅವಳ ಮೇಲೆ. ಗುಣವಾಗಿದ್ದೇನೆ ಎಂದು ಅವಳು ಹೇಳುವ ಮಾತಿಗೆ ಅಲ್ಲಿಯೂ ಬೆಲೆಯಿಲ್ಲ. ವೈದೇಹಿಯವರ ‘ಅಕ್ಕು’ವನ್ನೂ ಹೀಗೆಯೇ ಓದಬೇಕು: ಗಂಡ ಕಣ್ಮರೆಯಾದ ಹೆಣ್ಣು ಮಾತಾಡುತ್ತಾಳೆ, ಕೇಳುವ ಮನೆಮಂದಿ ಅದನ್ನು ಹುಚ್ಚಿಯ ಮಾತೆಂದು ಪಕ್ಕಕ್ಕಿಡುತ್ತಾರೆ.

ಬಾಣಂತಿ ಸನ್ನಿ ಎಂಬ ಮಾತು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಗೊತ್ತಿದ್ದೂ ಹೆಚ್ಚಿನ ಮನೆಗಳಲ್ಲಿ ಬಾಣಂತಿ ಅಳಬಾರದು, ಹಾಲು ಕೆಡುತ್ತದೆ ಎಂಬ ಗದರಿಕೆಯೇ ಮೊದಲ ಚಿಕಿತ್ಸೆ, ಗಾಳಿ ಸೋಕಿದೆ ಎಂದು ಕಟ್ಟುವ ಅಂತ್ರ ಎರಡನೆಯದು. ಆಸ್ಪತ್ರೆಗೆ ಬಂದಾಗ ಏನಾಗುತ್ತದೆಂಬುದನ್ನು ಹೊರರೋಗಿ ವಿಭಾಗದಲ್ಲಿ ಒಂದು ಬೆಳಗ್ಗೆ ಕುಳಿತವರು ಯಾರಾದರೂ ನೋಡಬಹುದು. ಮಗು ಎತ್ತಿಕೊಂಡು ಅತ್ತೆ, ಫೈಲು ಹಿಡಿದು ಗಂಡ, ನಡುವೆ ತಲೆತಗ್ಗಿಸಿ ಅವಳು. “ನಿದ್ದೆ ಮಾಡ್ತಾರಾ?” ಡಾಕ್ಟರು ಕೇಳುವುದು ಗಂಡನನ್ನು. “ಇಲ್ಲ ಸರ್, ಸುಮ್ಸುಮ್ನೆ ಅಳ್ತಾಳೆ.” “ಊಟ?” “ಮಾಡ್ತಾಳೆ ಸರ್, ಊಟಕ್ಕೇನ್ ಕಮ್ಮಿ ಇಲ್ಲ,” ಎಂದು ಅತ್ತೆ. ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿದ್ದಾರೆ. ಚೀಟಿ ಬರೆದಾಯಿತು. ಅವಳ ಬಾಯಿಂದ ಒಂದು ಮಾತು ಹೊರಬಂದಿಲ್ಲ. ಈ ಚೀಟಿಯಲ್ಲಿರುವ ಮಾತ್ರೆ ಸರಿಯಾದದ್ದೇ ಇರಬಹುದು. ಮಿಚೆಲ್ ಕೊಟ್ಟ ಹಾಲೂ ಕೆಟ್ಟದ್ದಾಗಿರಲಿಲ್ಲ.

ಬೇರೆ ದಾರಿ ಇದೆಯೆಂಬುದನ್ನು ಬೆಂಗಳೂರೇ ತೋರಿಸಿದೆ. ನಿಮ್ಹಾನ್ಸ್ 2009ರಲ್ಲಿ ತಾಯಿ-ಮಗು ವಾರ್ಡ್ ತೆರೆಯಿತು. ಹೆರಿಗೆಯ ನಂತರ ಮನಸ್ಸು ಕೆಟ್ಟ ತಾಯಿಯನ್ನು ಕೂಸಿನೊಂದಿಗೇ ಸೇರಿಸಿಕೊಂಡು, ದಾದಿಯರ ಕಣ್ಣಳತೆಯಲ್ಲಿ ಇಬ್ಬರನ್ನೂ ನೋಡಿಕೊಳ್ಳುವ ವ್ಯವಸ್ಥೆ ಅದು. ಕಾನೂನೂ ಬದಲಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ಸಮಾಜದ ನೀತಿ ಕಟ್ಟಳೆಗಳಿಗೆ ಒಬ್ಬರು ಹೊಂದಿಕೊಳ್ಳುತ್ತಿಲ್ಲ ಎಂಬ ಕಾರಣಕ್ಕೆ ಅವರನ್ನು ಮಾನಸಿಕ ರೋಗಿಯೆಂದು ನಿರ್ಧರಿಸುವಂತಿಲ್ಲ. ಎಲಿಜಬೆತ್ ಪ್ಯಾಕರ್ಡ್ ಅವರಿಗೆ 1860ರಲ್ಲಿ ಬೇಕಾಗಿದ್ದದ್ದು ಈ ಒಂದು ವಾಕ್ಯ. 5ನೇ ಸೆಕ್ಷನ್ ಪ್ರಕಾರ, ಮುಂದೆ ಕಾಯಿಲೆಯಾದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ವಯಸ್ಕರು ಮುಂಚಿತವಾಗಿ ಬರೆದಿಡಬಹುದು. 21ನೇ ಸೆಕ್ಷನ್ ಪ್ರಕಾರ, ಮೂರು ವರ್ಷದೊಳಗಿನ ಮಗುವನ್ನು ಆಸ್ಪತ್ರೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ಮಾನಸಿಕ ರೋಗಕ್ಕೆ ಮದ್ದೆಂದು ಸಂತಾನಶಕ್ತಿ ಹರಣ ಮಾಡುವುದನ್ನು ಕಾಯ್ದೆ ನಿಷೇಧಿಸಿದೆ. ಬೇಕರ್ ಬ್ರೌನ್, ಬ್ಯಾಟಿ ಕಾಲದ ಆ ಯೋಚನೆ ನಮ್ಮ ನೆಲದಲ್ಲಿ ಬಹಳ ಹಿಂದೆಯೇ ಸತ್ತಿತ್ತು ಎಂದುಕೊಳ್ಳುವವರು, 1994ರಲ್ಲಿ ಮಹಾರಾಷ್ಟ್ರದ ಸರ್ಕಾರಿ ಆಶ್ರಯಧಾಮದ ಬುದ್ಧಿಮಾಂದ್ಯ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ತೆಗೆಸಿದ ಪ್ರಕರಣವನ್ನು ನೆನೆಯಬೇಕು.

ಕಾಯ್ದೆ ಪುಸ್ತಕದಲ್ಲಿದ್ದರೆ ಸಾಲದು. ಹಿಂದೂ ವಿವಾಹ ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥತೆ ಇಂದಿಗೂ ವಿಚ್ಛೇದನದ ಆಧಾ­ರ. ಕಾಯಿಲೆ ಇದೆಯೆಂದ ಮಾತ್ರಕ್ಕೆ ಆಗದು, ಜೊತೆಗೆ ಬಾಳಲು ಅಸಾಧ್ಯವೆನಿಸುವಷ್ಟು ತೀವ್ರವಾಗಿರಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದ್ದರೂ, ಬಾಣಂತನದಲ್ಲಿ ನುಂಗಿದ ಮಾತ್ರೆಯ ಚೀಟಿ ಮುಂದೊಂದು ದಿನ ಮಗಳ ವಿರುದ್ಧ ಕೋರ್ಟಿಗೆ ಬಂದೀತೆಂಬ ಹೆದರಿಕೆ ಹೆಣ್ಣಿನ ತವರಿನವರಲ್ಲಿದೆ. ಆ ಹೆದರಿಕೆಗೆ ಅವರು ಚಿಕಿತ್ಸೆಯನ್ನೇ ಮುಂದೂಡುತ್ತಾರೆ.

ಆದ್ದರಿಂದ ಸರ್ಕಾರದ ಮುಂದೆ, ವೈದ್ಯಕೀಯ ಶಿಕ್ಷಣ ನಡೆಸುವವರ ಮುಂದೆ ಸ್ಪಷ್ಟ ಬೇಡಿಕೆಗಳನ್ನಿಡುತ್ತೇವೆ. ಹೆರಿಗೆಯ ನಂತರ ತಪಾಸಣೆಗೆ ಬರುವ ಪ್ರತಿ ತಾಯಿಯನ್ನೂ ಮನೆಯವರನ್ನು ಹೊರಗೆ ಕೂರಿಸಿ, ಒಬ್ಬಳನ್ನೇ, ಅವಳ ಭಾಷೆಯಲ್ಲಿ ಮಾತಾಡಿಸಬೇಕು. ಐದು ನಿಮಿಷವಾದರೂ ಸರಿ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಕಡತಕ್ಕೆ ಸೇರಿಸಬೇಕು, ಗಂಡ ಹೇಳಿದ್ದನ್ನು ಗಂಡ ಹೇಳಿದ್ದೆಂದೇ ನಮೂದಿಸಬೇಕು. ತಾಯಿ-ಮಗು ವಾರ್ಡ್ ರಾಜಧಾನಿಯ ಒಂದು ಸಂಸ್ಥೆಯ ಹೆಮ್ಮೆಯಾಗಿ ಉಳಿಯದೆ ಜಿಲ್ಲಾಸ್ಪತ್ರೆಗಳಿಗೆ ಬರಬೇಕು. ಬೀದರಿನ ಬಾಣಂತಿ ಹಸುಗೂಸು ಕಟ್ಟಿಕೊಂಡು ಬೆಂಗಳೂರಿಗೆ ಬರಲಿ ಎನ್ನುವುದು ಸೇವೆಯಲ್ಲ. ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗಗಳು ‘ದಿ ಯೆಲ್ಲೋ ವಾಲ್‌ಪೇಪರ್’ ಮತ್ತು ‘ಶರಪಂಜರ’ ಎರಡನ್ನೂ ಪಠ್ಯಕ್ಕೆ ತರಬೇಕು, ಅವುಗಳ ಪಕ್ಕದಲ್ಲೇ ಮಿಚೆಲ್ ಅವರ ಆ ಕಹಿಮದ್ದಿನ ಪುಟವನ್ನೂ ಇಡಬೇಕು, ಮೊದಲ ವರ್ಷದ ವಿದ್ಯಾರ್ಥಿ ಮೊದಲ ರೋಗಿಯನ್ನು ಕಾಣುವುದಕ್ಕೆ ಮುಂಚೆ.